ಗಿಟಾರಿಗೆ ಎಷ್ಟು ರಿವರ್ಬ್

ಇಪ್ಪತ್ತರ ಹರೆಯದಲ್ಲಿ ನಾನೂ ನನ್ನ ಗೆಳೆಯನೂ ಚನ್ನಪಟ್ಟಣದ ಒಂದು ಆರ್ಕೆಸ್ಟ್ರಾದಲ್ಲಿದ್ದೆವು. ಅವನು ಹಾಡುತ್ತಿದ್ದ, ನಾನು ಗಿಟಾರ್ ನುಡಿಸುತ್ತಿದ್ದೆ. ಮದುವೆಯ ಆರತಕ್ಷತೆ, ಗಣೇಶನ ಪೆಂಡಾಲು, ಕನಕಪುರದ ಕಡೆಯ ಹಳ್ಳಿಗಳ ರಾಜ್ಯೋತ್ಸವ, ಎಲ್ಲಿಗೆ ಕರೆದರೂ ಹೋಗುತ್ತಿದ್ದೆವು. ಪ್ರತಿ ಕಾರ್ಯಕ್ರಮವೂ ನಾವಿಬ್ಬರೇ ಕೂತು ಕಟ್ಟಿದ್ದ ಒಂದು ಹಾಡಿನಿಂದ ಶುರುವಾಗುತ್ತಿತ್ತು. ‘ಕೂತೋರ್ಗೂ ನಮಸ್ಕಾರ, ನಿಂತೋರ್ಗೂ ನಮಸ್ಕಾರ’ ಎಂದು ಅದರ ಪಲ್ಲವಿ. ದೊಡ್ಡ ಸಾಹಿತ್ಯವೇನಲ್ಲ, ಹರಟೆಯಲ್ಲಿದ್ದ ಜನ ತಿರುಗಿ ನೋಡಲಿ ಅಂತ ಮಾಡಿದ್ದು. ಮೈಕಿನವರ ಹತ್ತಿರ ಒಂದು ಎಕೋ ಪೆಟ್ಟಿಗೆ ಇರುತ್ತಿತ್ತು. ಗೆಳೆಯ ವೇದಿಕೆಯಿಂದಲೇ ಕೈಸನ್ನೆ ಮಾಡಿ ಅದನ್ನು ಜಾಸ್ತಿ ಮಾಡಿಸುತ್ತಿದ್ದ. ಒಂದು ನಮಸ್ಕಾರ ಹೇಳಿದರೆ ಊರಾಚೆಯ ಕೆರೆ ಏರಿಯವರೆಗೂ ಹಲವು ನಮಸ್ಕಾರಗಳು ಹೋಗುತ್ತಿದ್ದವು.

ಆಮೇಲೆ ಆರ್ಕೆಸ್ಟ್ರಾ ನಿಂತಿತು. ಅವನು ಮಾಗಡಿ ತಾಲ್ಲೂಕಿನ ಕಲ್ಯಕ್ಕೆ, ತನ್ನ ಹೊಲಕ್ಕೆ ಮರಳಿದ. ನಾನು ಬಿಡದಿಯ ಒಂದು ಕಾರ್ಖಾನೆ ಸೇರಿಕೊಂಡು ರಾಮನಗರದಲ್ಲಿ ಮನೆ ಮಾಡಿದೆ. ಗಿಟಾರ್ ಮಾತ್ರ ಬಿಡಲಿಲ್ಲ. ಲ್ಯಾಪ್‌ಟಾಪು ಬಂದ ಮೇಲೆ ಒಂದು ಮೈಕು, ಒಂದು ಹೆಡ್‌ಫೋನು ಕೊಂಡು, ರಜದ ದಿನ ಮನೆಯ ಹಿಂದಿನ ಕೋಣೆಯಲ್ಲಿ ನುಡಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಯಾರಿಗೂ ಕೇಳಿಸುತ್ತಿರಲಿಲ್ಲ.

ಐವತ್ತು ತುಂಬುವ ಮೊದಲೇ ಗೆಳೆಯನಿಗೆ ಪಾರ್ಶ್ವವಾಯು ಬಡಿಯಿತು. ಹೊಲದಿಂದ ಬಂದು ಜಗುಲಿಯ ಮೇಲೆ ಕೂತವನು ಏಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಿಧಾನವಾಗಿ ಕಾಲು ಬಂತು, ಕೈಯೂ ಬಂತು. ಮಾತು ಬರಲಿಲ್ಲ. ಉಳಿದದ್ದು ಒಂದೇ ಪದ, ‘ಅದೇ’. ನೀರು ಬೇಕಾದರೂ ಅದೇ, ಬೇಡವಾದರೂ ಅದೇ. ನಾನು ನೋಡಲು ಹೋದ ದಿನ ನನ್ನ ಕೈ ಹಿಡಿದುಕೊಂಡು, ಏನೇನೋ ಹೇಳುವುದಿದ್ದವನಂತೆ, ‘ಅದೇ, ಅದೇ, ಅದೇ’ ಎಂದ. ಆಮೇಲೆ ಮುಖ ಗೋಡೆಯ ಕಡೆ ಮಾಡಿಕೊಂಡು ಮಲಗಿದ. ನಾನು ಅಂಗಳಕ್ಕೆ ಬಂದೆ.

ಅವನ ಹೆಂಡತಿ ನನ್ನ ಹಿಂದೆಯೇ ಬಂದಳು. “ರಾಮನಗ್ರದಾಗೆ ಮಾತು ಕಲ್ಸೋ ಮೇಡಮ್ಮು ಒಂದು ಮಾತು ಯೋಳವ್ರೆ ಅಣ್ಣ. ಮಾತು ಹೋದೋರ್ಗೂ ಒಂದೊಂದ್ಸಲ ಹಾಡು ಉಳ್ಕಂಡಿರ್ತದಂತೆ. ಇವ್ರಿಗೆ ಚೆನ್ನಾಗಿ ಗೊತ್ತಿರೋ ಹಾಡು ದಿನಾ ಕೇಳ್ಸಿ, ಜತೇಲಿ ಹಾಡ್ಸಿ ಅಂದ್ರು. ನಿಮ್ಮ ನಮಸ್ಕಾರದ ಹಾಡು ಎಲ್ಲಾದ್ರೂ ಐತಾ?”

“ಎಲ್ಲೂ ಇಲ್ಲ ಕಣಮ್ಮ. ಆವಾಗ ಯಾರು ರೆಕಾರ್ಡ್ ಮಾಡ್ತಿದ್ರು? ನಾನು ನುಡಿಸಿ ಕಳುಸ್ತೀನಿ ಬಿಡು.”

ರಾಮನಗರಕ್ಕೆ ಬಂದು ರೆಕಾರ್ಡ್ ಮಾಡಲು ಕೂತಾಗ ಮೊದಲ ತೊಂದರೆ ಪಕ್ಕದ ಮನೆಯದು; ನನ್ನೊಬ್ಬನಿಗಾಗಿ ನುಡಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರದು ರೇಷ್ಮೆ ನೂಲು ಬಿಚ್ಚುವ ಘಟಕ. ಬೆಳಗಿನಿಂದ ಸಂಜೆಯವರೆಗೆ ಮೋಟಾರು ಗುಂಯ್ ಎನ್ನುತ್ತಿತ್ತು. ಬರಿಗಿವಿಗೆ ಅದು ರೂಢಿಯಾಗಿತ್ತು, ಮೈಕಿಗೆ ಆಗಿರಲಿಲ್ಲ. ಗಿಟಾರಿನ ಸದ್ದಿಗೆ ಗುಂಗು ಕೂಡಿಸುವ ರಿವರ್ಬ್ ಹಾಕಿದರೆ ಮೋಟಾರಿಗೂ ಹಾಕಿದಂತಾಗಿ ಗದ್ದಲ ಇಮ್ಮಡಿಯಾಗುತ್ತಿತ್ತು. ಆ ಮನೆಯ ಯಜಮಾನರ ಹತ್ತಿರ ವಿಷಯ ಹೇಳಿದೆ. ಅವರು ನನ್ನ ಗೆಳೆಯನಿಗೇನಾಯಿತೆಂದು ಪೂರ್ತಿ ಕೇಳಿಸಿಕೊಂಡರು.

“ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗ್ತೀವಲ್ಲ, ಆವಾಗ ಎಲ್ಲಾ ಬಂದ್. ಊಟ ಮುಗ್ಸಿ ಬರೋವರ್ಗೂ ನಿಮ್ದೇ ಟೈಮು. ಸಾಲ್ದಿದ್ರೆ ಹೇಳಿ, ಇನ್ನೊಂದು ಒಸಿ ಹೊತ್ತು ಬಿಟ್ಟು ಶುರು ಮಾಡಿಸ್ತೀನಿ,” ಎಂದರು.

ರಾತ್ರಿ ಪಾಳಿ ಇದ್ದ ವಾರಗಳಲ್ಲಿ ಶುಕ್ರವಾರ ಮಧ್ಯಾಹ್ನ ಮನೆಯಲ್ಲಿರುತ್ತಿದ್ದೆ. ಹಾಗಾಗಿ ರೆಕಾರ್ಡಿಂಗು ಆಗ.

ರಿವರ್ಬ್ ಎಂದರೆ ಎಕೋ ಅಲ್ಲ. ಎಕೋದಲ್ಲಿ ಹೇಳಿದ ಮಾತೇ ಬಿಡಿಬಿಡಿಯಾಗಿ ತಿರುಗಿ ಬರುತ್ತದೆ. ರಿವರ್ಬಿನಲ್ಲಿ ಸದ್ದು ಕೋಣೆಯ ಗೋಡೆಗೋಡೆಗೂ ಬಡಿದು ಒಂದೇ ನೆರಳಿನಂತೆ ಹಿಂದೆ ಉಳಿದು ಮಾಸುತ್ತದೆ. ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ತಟ್ಟಿದರೆ ಅದು ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಬೇಕಾದಂತೆ ಆರಿಸಿಕೊಳ್ಳಬಹುದು: ದೊಡ್ಡ ಸಭಾಂಗಣದ್ದು, ಚಿಕ್ಕ ಕೋಣೆಯದು, ಹಳೆಯ ಸ್ಟುಡಿಯೋಗಳಲ್ಲಿ ಸದ್ದು ಹಾಯಿಸುತ್ತಿದ್ದ ಲೋಹದ ಹಾಳೆಯದು. ನನಗೆ ಮೊದಲಿನಿಂದಲೂ ಸಭಾಂಗಣವೇ ಇಷ್ಟ. ಅದನ್ನೇ ಹಾಕಿದೆ. ಪ್ರತಿ ಸಾಲು ನುಡಿಸಿದ ಮೇಲೆ ಅವನು ಹಾಡಲೆಂದು ಅಷ್ಟೇ ಜಾಗ ಖಾಲಿ ಬಿಟ್ಟೆ. ಹೆಡ್‌ಫೋನಿನಲ್ಲಿ ಕೇಳಿದಾಗ ನನಗೇ ಮೈ ಜುಂ ಎಂದಿತು. ವಾಟ್ಸಾಪಿನಲ್ಲಿ ಕಳಿಸಿದೆ.

ಮರುದಿನ ಗೆಳೆಯನ ಹೆಂಡತಿಯ ಫೋನು ಬಂತು. “ಕೇಳ್ತಾರೆ ಅಣ್ಣ, ಕಣ್ಣಾಗೆ ನೀರೂ ಬತ್ತದೆ. ಆದ್ರೆ ಬಾಯ್ ತೆಗೀತಾರೆ, ಮುಚ್ಕತಾರೆ. ಎಲ್ಲಿ ಶುರು ಮಾಡ್ಬೇಕೋ ಗೊತ್ತಾಯ್ತಾ ಇಲ್ಲ.”

ಭಾನುವಾರ ಬಸ್ಸು ಹತ್ತಿ ಕಲ್ಯಕ್ಕೆ ಹೋದೆ. ಅವಳು ಫೋನನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿ ಹಾಡು ಹಾಕಿದಳು. ಸದ್ದು ಜೋರಾಗಲಿ ಅಂತ ಅದು ಅವರ ಮನೆಯ ರೂಢಿ. ನನ್ನ ಸಭಾಂಗಣ ಆ ಲೋಟದಲ್ಲಿ ಬರೀ ಗೊಜ್ಜಾಗಿತ್ತು. ನಾನು ಖಾಲಿ ಬಿಟ್ಟಿದ್ದ ಜಾಗ ಖಾಲಿಯೇ ಇರಲಿಲ್ಲ. ಹಿಂದಿನ ಸಾಲಿನ ಸದ್ದು ಅಲ್ಲೆಲ್ಲ ಹರಡಿಕೊಂಡಿತ್ತು. ಗೆಳೆಯ ಅದು ಮುಗಿಯಲಿ ಎಂದು ಕಾಯುತ್ತಿದ್ದ. ಮುಗಿಯುವಷ್ಟರಲ್ಲಿ ಮುಂದಿನ ಸಾಲು ಬಂದುಬಿಡುತ್ತಿತ್ತು. ಅವನು ತೊಡೆಗೆ ಗುದ್ದಿಕೊಂಡ.

ಸರಿ, ಇದೆಲ್ಲ ಬೇಡವೇ ಬೇಡ ಎಂದು ಮುಂದಿನ ಸಲ ರಿವರ್ಬನ್ನು ಪೂರಾ ತೆಗೆದೆ. ಕೋಣೆಯ ಸ್ವಂತ ಸದ್ದೂ ಬಾರದಿರಲೆಂದು ಕಬ್ಬಿಣದ ಬೀರುವಿಗೆ ಕಂಬಳಿ ಹೊದಿಸಿ, ಸಿಮೆಂಟು ನೆಲಕ್ಕೆ ಜಮಖಾನ ಹಾಸಿ, ಮೈಕನ್ನು ಗಿಟಾರಿನ ತೂತಿನ ಎದುರಿಗೇ ಇಟ್ಟು ನುಡಿಸಿದೆ. ಜಾಗ ಖಾಲಿಯಾಗಿ ಸಿಕ್ಕಿತು. ಆದರೆ ಅದನ್ನು ಕೇಳಿದ ಗೆಳೆಯ ಮುಖ ಸಿಂಡರಿಸಿ ಫೋನನ್ನು ದೂರ ತಳ್ಳಿದನಂತೆ. ಅವನ ಹೆಂಡತಿ ಹೇಳಿದಳು:

“ಬ್ಯಾಸ್ರ ಮಾಡ್ಕಬ್ಯಾಡಿ ಅಣ್ಣ. ಕಿವಿ ಒಳಕ್ಕೆ ಬಂದು ತಗಡು ಬಡ್ದಂಗೈತೆ. ನೀವು ನುಡ್ಸಿರೋದು ಅಂತ್ಲೇ ಅನ್ಸಲ್ಲ.”

ನಾನು ತಿರುಗಿ ಕೇಳಿದೆ. ಅವಳ ಮಾತು ನಿಜ. ಬೆರಳು ತಂತಿಯ ಮೇಲೆ ಜಾರುವ ಕೀರಲು, ಉಗುರು ತಾಗುವ ಟಕಟಕ, ದಪ್ಪ ತಂತಿಯ ಧುಂಧುಂ ಎಲ್ಲ ಮುಂದೆ ಬಂದು ನಿಂತಿದ್ದವು. ಎದುರಿಗೆ ಕೂತು ನುಡಿಸುವಾಗ ಮನುಷ್ಯನೊಬ್ಬ ಕೋಣೆಯಲ್ಲಿದ್ದಾನೆ ಎಂದು ಅನ್ನಿಸುತ್ತದಲ್ಲ, ಅದು ಇರಲಿಲ್ಲ.

ಆಮೇಲಿನ ಎರಡು ಮೂರು ವಾರ ಇದೇ ಕೆಲಸ. ಮೈಕನ್ನು ತೂತಿನ ಎದುರಿನಿಂದ ಸರಿಸಿ, ಗಿಟಾರಿನ ಕತ್ತು ಒಡಲಿಗೆ ಸೇರುವ ಕಡೆಗೆ ತಿರುಗಿಸಿ, ಒಂದು ಗೇಣಿಗಿಂತ ಸ್ವಲ್ಪ ದೂರದಲ್ಲಿಟ್ಟೆ. ಧುಂಧುಂ ಅರ್ಧ ಅಲ್ಲೇ ಹೋಯಿತು. ರಿವರ್ಬಿಗೆ ಚಿಕ್ಕ ಕೋಣೆಯದನ್ನು ಆರಿಸಿದೆ. ಸದ್ದು ಮಾಸುವ ಹೊತ್ತನ್ನು ಒಂದು ಸೆಕೆಂಡಿಗಿಂತ ಕಡಿಮೆ ಮಾಡಿದೆ. ತಂತಿ ಮೀಟಿದ ತಕ್ಷಣ ರಿವರ್ಬು ಶುರುವಾಗದೆ ಚೂರು ತಡೆದು ಬರುವಂತೆ ಮಾಡಿದಾಗ ಮೊದಲ ಮೀಟು ಚೊಕ್ಕವಾಗಿ ಕೇಳಿತು. ದಪ್ಪ ತಂತಿಗಳ ಸದ್ದು ರಿವರ್ಬಿಗೆ ಹೋಗದ ಹಾಗೆ ಕೆಳಗಿನ ಸ್ವರಗಳನ್ನು ಅದರಿಂದ ಕತ್ತರಿಸಿದೆ. ಕೊನೆಗೆ ಎಷ್ಟು ಬೆರೆಸಬೇಕೆಂಬುದು. ಕೇಳಿಸುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿದೆ. ಇದ್ದಾಗ ಇದೆ ಅನ್ನಿಸಬಾರದು, ತೆಗೆದರೆ ಏನೋ ಕಡಿಮೆಯಾಯಿತು ಅನ್ನಿಸಬೇಕು. ಹೆಡ್‌ಫೋನು ಬದಿಗಿಟ್ಟೆ. ಪ್ರತಿ ಸಲವೂ ಫೋನಿಗೆ ಹಾಕಿಕೊಂಡು, ನಮ್ಮ ಅಡುಗೆಮನೆಯ ಸ್ಟೀಲ್ ಲೋಟದಲ್ಲಿಟ್ಟೇ ಕೇಳಿದೆ. ಹಾಡಿನ ಗತಿಯನ್ನೂ ನಿಧಾನ ಮಾಡಿದೆ.

ಅದನ್ನು ಕಳಿಸಲಿಲ್ಲ, ನಾನೇ ತೆಗೆದುಕೊಂಡು ಹೋದೆ. ಗೆಳೆಯ ಜಗುಲಿಯ ಮೇಲೆ ಕೂತು ಒಣಗಿದ ಅವರೆಕಾಯಿ ಸುಲಿಯುತ್ತಿದ್ದ. ಹೆಂಡತಿ ಪಕ್ಕದಲ್ಲಿ ಕೂತು ಅವನ ಎಡಗೈ ಹಿಡಿದು ತಾಳಕ್ಕೆ ತಟ್ಟತೊಡಗಿದಳು. ಮೇಡಂ ಹಾಗೆ ಹೇಳಿಕೊಟ್ಟಿದ್ದರು. ಗಿಟಾರಿನ ಮೊದಲ ಸಾಲು ಬಂತು, ಮಾಸಿತು. ಅವಳು ಸಣ್ಣದಾಗಿ ‘ಕೂತೋರ್ಗೂ’ ಎಂದು ಎತ್ತಿಕೊಟ್ಟಳು. ಅವನು ಹಾಡಲಿಲ್ಲ. ಎರಡನೆಯ ಸಾಲಿಗೂ ಇಲ್ಲ. ಮತ್ತೆ ಮೊದಲಿನಿಂದ ಹಾಕಿದಳು. ನಾನು ಕಣದ ಕಡೆ ನೋಡುತ್ತ ಕೂತಿದ್ದೆ, ಅವನ ಬಾಯನ್ನು ನೋಡುವ ಧೈರ್ಯವಿರಲಿಲ್ಲ. ಆಗ ಪಕ್ಕದಿಂದ ಒರಟಾಗಿ, ಶ್ರುತಿಗೆ ಸರಿಯಾಗಿ, ‘ನಮಸ್ಕಾರ’ ಎಂದು ಕೇಳಿತು.

ಅವಳು ತಾಳ ನಿಲ್ಲಿಸಿಬಿಟ್ಟಳು. ಅವನೇ ಅವಳ ಕೈಯನ್ನು ಎಳೆದು ತಟ್ಟಿಸಿ, ‘ನಿಂತೋರ್ಗೂ ನಮಸ್ಕಾರ’ ಎಂದು ಪೂರ್ತಿ ಹಾಡಿದ. ಹಾಡಿ ನನ್ನ ಕಡೆ ತಿರುಗಿದ.

“ಲೇ,” ಎಂದ. ಅಷ್ಟೇ. ಅದು ಹಾಡಿನಲ್ಲಿ ಇಲ್ಲದ ಪದ.

“ಏನ್ಲಾ?” ಎಂದೆ. ಅವನಿಗೆ ಮುಂದಿನದು ಬರಲಿಲ್ಲ. ಇಬ್ಬರೂ ನಕ್ಕೆವು. ಅವನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಾಫಿ ಮಾಡಲು ಒಳಗೆ ಹೋದಳು.

ಅಲ್ಲಿಂದ ಮುಂದೆ ಎಲ್ಲ ಸಲೀಸಾಯಿತು ಎಂದಲ್ಲ. ಹಾಡಿನಲ್ಲಿ ಬಂದ ಪದ ಮಾತಿನಲ್ಲಿ ಬರುತ್ತಿರಲಿಲ್ಲ. ಅವಳು ‘ನೀರು ಬೇಕಾ’, ‘ಊಟಕ್ಕೆ ಇಕ್ಕಲಾ’ ಎಂಬುದನ್ನೂ ಅದೇ ಧಾಟಿಯಲ್ಲಿ ಹಾಡಿ ಕೇಳತೊಡಗಿದಳು. ಅಕ್ಕಪಕ್ಕದವರು ನಕ್ಕರೂ ಬಿಡಲಿಲ್ಲ. ಅವನು ಹಾಡಿಯೇ ಉತ್ತರ ಕೊಡುತ್ತಿದ್ದ. ನಾನು ಬೇರೆ ಧಾಟಿಗಳನ್ನೂ ನುಡಿಸಿ ಕಳಿಸಿದೆ. ಒಮ್ಮೆ ಫೋನಿನಲ್ಲಿ ಅವನೇ, “ಬ್ಯಾಡ. ಇದು ಬ್ಯಾಡ. ಹಳೇದು,” ಎಂದು ನನ್ನ ಹೊಸ ಧಾಟಿಯನ್ನು ತಳ್ಳಿಹಾಕಿದ. ಬೇಸರಪಡುವ ಬದಲು ಆ ದಿನವೆಲ್ಲ ಕಾರ್ಖಾನೆಯಲ್ಲಿ ಹೇಳಿಕೊಂಡು ತಿರುಗಿದೆ.

ಈಗ ಅವನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡುತ್ತಾನೆ. ಹೆಸರುಗಳು ಬಾಯಿಗೆ ಬಾರದೆ ಸಿಕ್ಕಿಕೊಳ್ಳುತ್ತವೆ. ಮಾಗಡಿ ಸಂತೆಗೆ ಒಬ್ಬನೇ ಹೋಗಿ ಬರುತ್ತಾನೆ. ನನ್ನ ರೆಕಾರ್ಡಿಂಗುಗಳು ಅವನಿಗೆ ಬೇಕಾಗಿಲ್ಲ. ನಾನು ಮಾತ್ರ ಗಿಟಾರಿಗೆ ಸಭಾಂಗಣ ಹಾಕುವುದನ್ನು ಬಿಟ್ಟಿದ್ದೇನೆ.

ಹೋದ ಯುಗಾದಿಗೆ ಕಲ್ಯಕ್ಕೆ ಹೋಗಿದ್ದೆ. ಎಲೆ ಹಾಕಿ ಕೂತಿದ್ದೆವು. ಅವನು ಹೆಂಡತಿಯ ಕಡೆ ತಿರುಗಿ, “ಇವ್ನಿಗೆ ಇನ್ನೊಂದು...” ಎಂದು ನಿಂತ. ಪದ ಸಿಗದೆ ಗಾಳಿಯಲ್ಲಿ ಬೆರಳಿನಿಂದ ದುಂಡಗೆ ಗೆರೆ ಎಳೆದ. ನಾನು ಹೇಳಿಕೊಡಲು ಬಾಯಿ ತೆರೆದೆ, ಅವಳು ಕಣ್ಣಿನಲ್ಲೇ ಬೇಡವೆಂದಳು. ತಟ್ಟೆ ಹಿಡಿದು ಹಾಗೇ ನಿಂತಳು. ಅವನು ಎಲೆಯನ್ನೇ ನೋಡುತ್ತ ಒಂದಷ್ಟು ಹೊತ್ತು ಕೂತ.

“ಒಬ್ಬಟ್ಟು,” ಎಂದ.

ಅವಳು ನನ್ನ ಎಲೆಗೆ ಎರಡು ಹಾಕಿ, ಮೇಲೆ ತುಪ್ಪ ಬಡಿಸಿದಳು.