ಒರಾಂಗುಟಾನ್ ಮಣ್ಣಾದ ದಿನ

ಕಥೆ ಹೇಳಿ ಮಕ್ಕಳಲ್ಲಿ ಕಾಡಿನ ಕಳಕಳಿ ಹುಟ್ಟಿಸಬಹುದು ಎಂಬ ಮಾತಿಗೆ ನಾನು ಮೊದಲಿನಿಂದಲೂ ವಿರೋಧ ಪಕ್ಷ. ಯಾದಗಿರಿಯಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಯಲ್ಲಿ ಎಂಥ ವಿಷಯ ಕೊಟ್ಟರೂ ವಿರೋಧದ ಕಡೆಗೇ ಹೆಸರು ಬರೆಸುತ್ತಿದ್ದೆ. ಗೆದ್ದ ಕಪ್ಪುಗಳಲ್ಲಿ ನಮ್ಮವ್ವ ಸುರಪುರದ ಮನೆಯಲ್ಲಿ ಸಾಸಿವೆ, ಜೀರಿಗೆ ತುಂಬಿಟ್ಟಿದ್ದಾಳೆ. ದೋರನಹಳ್ಳಿಯಿಂದ ಇನ್ನೂ ಒಳಗೆ ಹೋಗಬೇಕಾದ ಊರೊಂದರ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದ ಮೇಲೂ ಆ ಚಟ ಹೋಗಲಿಲ್ಲ. ಹೆಡ್‌ಮಾಸ್ತರು ಒಂದು ದಿನ, ‘ಅಳಿವಿನಂಚಿನ ಪ್ರಾಣಿಗಳ ಪಾಠ ಅದ ನೋಡ್ರಿ, ಅದನ್ನ ಕಥಿ ಮಾಡಿ ಹೇಳ್ರಿ. ಹುಡುಗರ ಮನಸಿಗಿ ನಾಟ್ತದ’ ಎಂದರು.

‘ನಾಟ್ತದ ಅನ್ನಾಕ ಪುರಾವೆ ಏನ್ರಿ ಸರ?’

‘ಹೇಳಿ ನೋಡ್ರಿ, ನೀವಽ ತರ್ರಿ ಪುರಾವೆ,’ ಎಂದು ಅವರು ಗಂಟೆ ಬಾರಿಸಲು ಹೋದರು.

ಐದನೆಯ ತರಗತಿ. ಕಿಟಕಿಯಾಚೆ ಬಂಡೆಗಲ್ಲಿನ ಗುಡ್ಡ, ನಾಲ್ಕು ಜಾಲಿಗಿಡ. ಮಳೆಕಾಡು ಅಂದರೆ ಹೆಚ್ಚುಕಡಿಮೆ ದಿನವೂ ಮಳೆ ಬೀಳುವ ಕಾಡು ಎಂದು ಶುರು ಮಾಡಿದೆ.

‘ದಿನಾ ಮಳಿ ಬಂದ್ರ ಹತ್ತಿ ಯಾವಾಗ ಬಿಡಸ್ತಾರ್ರಿ ಟೀಚರ?’ ಕೇಳಿದವಳು ಮುಂದಿನ ಸಾಲಿನ ಎರಡು ಜಡೆಯ ಹುಡುಗಿ. ನಾನೇ ಚರ್ಚೆ ಕಲಿಸಿ ಕೆಡಿಸಿದ ಶಿಷ್ಯೆ.

‘ಅಲ್ಲಿ ಹತ್ತಿ ಬೆಳೆಯಂಗಿಲ್ಲ.’

‘ತೊಗರಿ?’

‘ಅದೂ ಇಲ್ಲ.’

‘ಮತ್ತ ಮಂದಿ ಏನ್ ಮಾಡ್ತಾರ್ರಿ, ಬರೇ ತೊಯ್ಸಿಕೊಂತ ಕುಂದರ್ತಾರೇನು?’

ಅವಳನ್ನು ದಾಟಿ ನಾನು ಬೋರ್ನಿಯೊ ದ್ವೀಪ ಮುಟ್ಟಿದೆ. ಕೆಂಪು ಕೂದಲಿನ ಒಂದು ಹೆಣ್ಣು ಒರಾಂಗುಟಾನ್ ದಿನವೂ ರಾತ್ರಿ ಕೊಂಬೆ ಬಾಗಿಸಿ ಹಾಸಿಗೆ ಹೆಣೆದುಕೊಳ್ಳುತ್ತದೆ. ಯಂತ್ರಗಳು ಬರುತ್ತವೆ. ಕಾಡು ಕಡಿದು ತಾಳೆಎಣ್ಣೆಯ ಗಿಡ ಹಚ್ಚುತ್ತಾರೆ. ಅದು ಮರದಿಂದ ಮರಕ್ಕೆ ಓಡುತ್ತ ಕೊನೆಗೆ ಉಳಿದ ಒಂದೇ ಮರಕ್ಕೆ ಬರುತ್ತದೆ. ಕೇಳುವವರಿಗೆ ದೂರದ್ದನ್ನು ಹತ್ತಿರ ತರಬೇಕು ಎಂಬುದು ಚರ್ಚೆಯ ಹಳೆಯ ಪಟ್ಟು. ಅದಕ್ಕೇ, ‘ಆ ಕಾಡಿನ ಕಟ್ಟಕಡೆಯ ಒರಾಂಗುಟಾನ್ ಇವತ್ತು ಮುಂಜಾನೆ ಸತ್ತುಹೋಯಿತು’ ಎಂದು, ಗೋಡೆಗೆ ಅಂಟಿಸಿದ್ದ ಅದರ ಬಣ್ಣದ ಚಿತ್ರವನ್ನು ಬಿಡಿಸಿ ಮೇಜಿನ ಮೇಲೆ ಅಂಗಾತ ಮಲಗಿಸಿದೆ.

ಆಮೇಲೆ ಎರಡು ಜಡೆ ಎದ್ದು ನಿಂತಿತು.

‘ಮಣ್ಣು ಯಾವಾಗ್ರಿ?’

ನಮ್ಮ ಕಡೆ ಮಂಗ ಸತ್ತರೆ ಅದು ಮಂಗವಲ್ಲ, ಹನುಮಪ್ಪ. ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಭಜನೆ ಮಾಡುತ್ತ ಊರೆಲ್ಲ ಸುತ್ತಿಸಿ ಮಣ್ಣು ಮಾಡುತ್ತಾರೆ. ಅಲ್ಲಿಯವರೆಗೆ ಊರಲ್ಲಿ ಒಲೆ ಹೊತ್ತಿಸುವುದಿಲ್ಲ. ಇದು ನನಗೆ ಗೊತ್ತಿತ್ತು. ಈ ಪದ್ಧತಿಗೆ ಚಿತ್ರ, ಕಥೆ, ಸಮುದ್ರ ಯಾವುದೂ ಅಡ್ಡ ಬರುವುದಿಲ್ಲ ಎಂಬುದು ಗೊತ್ತಿರಲಿಲ್ಲ. ನಾನು ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಸುದ್ದಿ ಬಿಸಿಯೂಟದ ಕೋಣೆಗೆ ಮುಟ್ಟಿತ್ತು.

ಅಡುಗೆಯ ಅಕ್ಕ ಅಕ್ಕಿ ತೊಳೆದು ಇಟ್ಟಿದ್ದಳು. ನಾನು ಹೋಗುವ ಹೊತ್ತಿಗೆ ಒಲೆ ಆರಿಸಿ, ತಲೆ ಮೇಲೆ ಸೆರಗು ಹೊದ್ದು ಹೊಸ್ತಿಲಲ್ಲಿ ಕೂತಿದ್ದಳು.

‘ಹನುಮಪ್ಪ ಅಲ್ಲಿ ಮೇಜಿನ ಮ್ಯಾಲ ಮಲಗ್ಯಾನ. ನಾ ಒಲಿ ಹೆಂಗ ಹಚ್ಚಲ್ರಿ ಟೀಚರ?’

‘ಅಕ್ಕಾ, ಅದು ನಮ್ಮೂರಾಗ ಸತ್ತಿಲ್ಲ. ಸಮುದ್ರದ ಆಚಿ ಸತ್ತದ.’

‘ಸುದ್ದಿ ಇಲ್ಲಿ ಬಂತಲ್ಲ. ನಮ್ಮ ಮಂದಿ ಬೊಂಬಾಯಿದಾಗ ಸತ್ರೂ ಸೂತಕ ಇಲ್ಲೇ ಹಿಡಿತೀವಿ.’

‘ಅದು ಮಂಗ್ಯಾ ಅಲ್ಲ, ಬ್ಯಾರೆ ಜಾತಿ. ಬಾಲ ಇಲ್ಲ ನೋಡು.’

‘ಬೆಂಕ್ಯಾಗ ಹೋಗಿರ್ಬೇಕು ಬಿಡ್ರಿ.’

‘ಸತ್ತಽ ಇಲ್ಲಕ್ಕ. ಕಥಿ ಅದು.’

ಬೆನ್ನ ಹಿಂದೆ ಬಂದು ನಿಂತಿದ್ದ ಎರಡು ಜಡೆ ಕೇಳಿತು. ‘ಕಾಡು ಕಡದಿದ್ದು ಸುಳ್ಳೇನ್ರಿ?’

‘ಅದು ಖರೆ.’

‘ಎಣ್ಣಿ ಗಿಡ ಹಚ್ಚಿದ್ದು?’

‘ಅದೂ ಖರೆ.’

‘ಅವು ಸಾಯಾಕತ್ತಿದ್ದು?’

‘ಖರೆ.’

‘ಎಲ್ಲಾ ಖರೆ ಇದ್ದು, ಇದೊಂದು ಸತ್ತಿದ್ದು ಹೆಂಗ ಸುಳ್ಳಾಗ್ತದ್ರಿ?’

ಎದುರಾಳಿಯಿಂದ ಒಂದೊಂದೇ ಒಪ್ಪಿಸಿಕೊಳ್ಳುತ್ತ ಬಂದು ಮೂಲೆಗೆ ನೂಕಬೇಕೆಂದು ಹೇಳಿಕೊಟ್ಟವಳು ನಾನೇ. ಮೂಲೆ ಇಷ್ಟು ಇಕ್ಕಟ್ಟಾಗಿರುತ್ತದೆಂದು ಗೊತ್ತಿರಲಿಲ್ಲ.

ಅಷ್ಟೊತ್ತಿಗೆ ಊಟದ ಗಂಟೆಯಾಗಿತ್ತು. ಹತ್ತಿ ಬಿಡಿಸುವ ಕಾಲ. ತಾಯಂದಿರು ನಸುಕಿಗೇ ಹೊಲಕ್ಕೆ ಹೋಗಿದ್ದರು. ಬಹಳ ಮಕ್ಕಳ ಹೊಟ್ಟೆಯಲ್ಲಿ ಚಹಾ, ಎರಡು ಬಿಸ್ಕೀಟು ಬಿಟ್ಟರೆ ಏನೂ ಇರಲಿಲ್ಲ. ಖಾಲಿ ತಾಟು ಹಿಡಿದು ಸಾಲಾಗಿ ಕೂತಿದ್ದರು. ಒಬ್ಬರೂ ಅನ್ನ ಕೇಳಲಿಲ್ಲ. ಕೇಳಿದ್ದರೆ ಅಕ್ಕನ ಜೊತೆಗಿನ ವಾದದಲ್ಲಿ ನನ್ನ ಕೈ ಮೇಲಾಗುತ್ತಿತ್ತು. ಸಣ್ಣ ತರಗತಿಯದೊಂದು ಮಗು ಮಾತ್ರ ತಾಟಿನ ಅಂಚು ಕಚ್ಚುತ್ತಿತ್ತು.

ಹೆಡ್‌ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದರು. ‘ಬದುಕಿಸಿಬಿಡ್ರಿ ಮೇಡಂ. ಮೂರ್ಛಿ ಹೋಗಿತ್ತು, ಈಗ ಎದ್ದು ಕುಂತದ ಅನ್ರಿ. ಏನ್ ಹೋಗ್ತದ ನಿಮ್ಮದು? ಅನ್ನ ಬೇಯ್ಲಿ.’

ಹೋಗುವುದೇನೂ ಇರಲಿಲ್ಲ. ಆದರೆ ಆ ಇಡೀ ಪಾಠದಲ್ಲಿ ಇದ್ದದ್ದು ಒಂದೇ ಮಾತು: ಅಳಿದುಹೋದದ್ದು ತಿರುಗಿ ಬರುವುದಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಎದ್ದು ಕೂರುವ ಪ್ರಾಣಿಯನ್ನು ಉಳಿಸುವ ಉಸಾಬರಿ ಯಾರಿಗೆ ಬೇಕು?

‘ಬದುಕಂಗಿಲ್ರಿ ಸರ.’

‘ಕಥಿ ನಿಮ್ಮದಽ ಅಲ್ಲೇನು?’

‘ನಂದಽ ಆದ್ರೂ ಬದುಕಂಗಿಲ್ಲ.’

‘ಹಂಗಾರ ಲಗೂನ ಮಣ್ಣರೆ ಮಾಡ್ರಿ,’ ಎಂದು ಅವರು ಗುದ್ದಲಿ ಹುಡುಕಲು ಹೋದರು.

ಊರಿನ ಭಜನೆ ಹಾಡುವ ಮುದುಕ, ಎಲ್ಲರ ಬಾಯಲ್ಲೂ ಮುತ್ಯಾ, ತಾಳ ಹಿಡಿದು, ಜೊತೆಗೆ ಮೂವರನ್ನು ಕರೆದುಕೊಂಡು ಬಂದ. ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಿತ್ರವನ್ನು ಕೂರಿಸಿ, ಬೀಳದಂತೆ ಟವೆಲ್ ಕಟ್ಟಿದರು. ಹಣೆಗೆ ವಿಭೂತಿ ಬಿತ್ತು. ಮುತ್ಯಾ ಬಗ್ಗಿ ಮುಖ ನೋಡಿದ.

‘ಪಾಪ, ಯಾವೂರಿಂದು?’

‘ಬೋರ್ನಿಯೊ.’

‘ಕೊಂಕಲ್ ಕಡಿ ಆಗ್ತದೇನು?’

‘ಇನ್ನೂ ದೂರ ಮುತ್ಯಾ.’

‘ಅಷ್ಟು ದೂರದಿಂದ ಬಂದದ ಅಂದ್ರ ಎರಡು ಪದ ಜಾಸ್ತಿ ಹಾಡಬೇಕು.’

‘ಒಂದಽ ಸಾಕು,’ ಎಂದಳು ಅಡುಗೆಯ ಅಕ್ಕ. ‘ಹುಡುಗ್ರು ಹಸದಾವು.’

ಒಂದೇ ಪದ ಹಾಡಿದರು. ಮೈದಾನವನ್ನು ಒಂದು ಸುತ್ತು ಹಾಕಿ, ಬೇವಿನ ಗಿಡದ ಬುಡದಲ್ಲಿ ತೋಡಿದ ಕುಣಿಗೆ ಚಿತ್ರವನ್ನು ಇಳಿಸಿದ್ದಾಯಿತು. ಇನ್ನು ಮಣ್ಣೆಳೆದರೆ ಮುಗಿಯಿತು, ಒಲೆ ಹೊತ್ತಿಕೊಳ್ಳುತ್ತದೆ ಎಂದುಕೊಂಡೆ.

‘ಮೊದಲನೇ ಹಿಡಿ ಇದರ ಬಳಗದವ್ರು ಹಾಕಬೇಕು,’ ಎಂದ ಮುತ್ಯಾ. ‘ಯಾರದಾರ?’

‘ಯಾರೂ ಇಲ್ರಿ, ಅದಽ ಕಡೀದು,’ ಎಂದಿತು ಇಡೀ ತರಗತಿ.

ಮುತ್ಯಾನ ಕೈಯಲ್ಲಿದ್ದ ತಾಳ ನಿಂತಿತು. ‘ಹಂಗ ಯಾರೂ ಇಲ್ದಂಗ ಕಳಿಸಬಾರದು.’

‘ಟೀಚರ್ ಅದಾರ,’ ಎಂದಿತು ಎರಡು ಜಡೆ. ‘ಮನಷಾರು, ಮಂಗ್ಯಾಗೋಳು ಒಂದ ಬಳಗ ಅಂತ ಅವ್ರಽ ಹೇಳ್ಯಾರ.’

‘ಹೆಣ್ಮಕ್ಳು ಹಾಕಂಗಿಲ್ಲವ್ವ. ಹೆಡ್‌ಮಾಸ್ತರ್ ಹಾಕ್ಲಿ.’

ಹೆಡ್‌ಮಾಸ್ತರು ಸಂತೋಷದಿಂದ ಅಂಗಿಯ ತೋಳು ಮಡಚಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಆ ಕ್ಷಣಕ್ಕೆ ಎಲ್ಲ ಮುಗಿಯುತ್ತಿತ್ತು. ಆದರೆ ಮುತ್ಯಾ ಒಂದು ವಾದ ಮಂಡಿಸಿದ್ದ, ಅದಕ್ಕೆ ವಿರೋಧ ಪಕ್ಷ ಇರಲಿಲ್ಲ.

‘ಯಾಕ ಹಾಕಂಗಿಲ್ಲ ಮುತ್ಯಾ?’

‘ಪದ್ಧತಿ ಇಲ್ಲ.’

‘ಕಥಿಯಾಗಿನ ಮಂಗ್ಯಾನ ಮಣ್ಣು ಮಾಡೋ ಪದ್ಧತಿ ಅದ ಏನು?’

ಮುತ್ಯಾ ಪ್ರಾಮಾಣಿಕವಾಗಿ ಯೋಚಿಸಿದ. ‘ಅದೂ ಇಲ್ಲ.’

‘ಅದು ಇವತ್ತು ಸುರು ಆಗ್ಯಾದ. ಇದೂ ಇವತ್ತಽ ಸುರು ಆಗ್ಲಿ. ಸತ್ತಾಕಿನೂ ಹೆಣ್ಣು. ಆಕಿ ಕಡಿ ಗಿಡದಾಗ ಒಬ್ಬಾಕಿನೇ ಹೆಂಗ ಕುಂತಿದ್ಲು ಅಂತ ಇಲ್ಲಿ ಯಾರಿಗೆ ಗೊತ್ತದ, ನನ್ನ ಬಿಟ್ಟು?’

ತಾಸಿನ ಹಿಂದೆ ಅದು ಸತ್ತೇ ಇಲ್ಲ ಎಂದು ಹೊಸ್ತಿಲಲ್ಲಿ ಕೂಗಾಡಿದವಳು, ಈಗ ಅದರ ವಾರಸುದಾರಳು ನಾನೇ ಎಂದು ಕುಣಿಯ ದಂಡೆಯಲ್ಲಿ ಜಗಳಕ್ಕೆ ನಿಂತಿದ್ದೆ. ದನಿ ಯಾಕೋ ಒಡೆದಿತ್ತು. ಬಿಸಿಲಿಗೆ ಇರಬೇಕು.

‘ಮುತ್ಯಾ, ಹಾಕ್ಲಿ ಬಿಡೋ,’ ಎಂದಳು ಅಕ್ಕ. ‘ನನಗ ಅನ್ನಕ್ಕ ನೀರಿಡಬೇಕು.’

ಮುತ್ಯಾ ಪಕ್ಕಕ್ಕೆ ಸರಿದ. ನಾನು ಹಿಡಿ ಮಣ್ಣು ತೆಗೆದುಕೊಂಡೆ. ಎರೆಮಣ್ಣು, ಬೇಗ ಕೈ ಬಿಡಲಿಲ್ಲ. ಕೆಳಗೆ ಕೆಂಪು ಕೂದಲಿನ ನಡುವಿನ ಆ ಮುಖ ವಿಭೂತಿ ಹಚ್ಚಿಕೊಂಡು ನನ್ನನ್ನೇ ನೋಡುತ್ತಿತ್ತು. ಮುಖದ ಮೇಲೆ ಬೀಳದಂತೆ ಹುಷಾರಾಗಿ ಕಾಲ ಕಡೆಗೆ ಹಾಕಿದೆ. ಚರ್ಚೆ ಮುಗಿದಾಗ ಮಾಡಿಸುವ ರೂಢಿಯಂತೆ ಮಕ್ಕಳು ಚಪ್ಪಾಳೆ ತಟ್ಟಿದರು. ಮುತ್ಯಾ ಗದರಿಸಿದ ಮೇಲೆ ನಿಲ್ಲಿಸಿದರು.

ನಳದ ಮುಂದೆ ಎಲ್ಲರೂ ಕೈಕಾಲು ತೊಳೆದೆವು. ಅನ್ನ ಸಾರು ಬಂದಾಗ ಹೊತ್ತು ವಾಲಿತ್ತು. ಆಗಲೂ ಯಾರೂ ಕೈ ಹಚ್ಚಲಿಲ್ಲ. ಸಾರಿಗೆ ಹಾಕಿದ್ದು ಯಾವ ಎಣ್ಣೆ ಎಂದು ಎರಡು ಜಡೆ ಕೇಳಿತ್ತು. ಅಕ್ಕ ಒಳಗಿಂದ ಪ್ಯಾಕೀಟು ತಂದು, ಅದರ ಮೇಲಿನ ಸೂರ್ಯಕಾಂತಿ ಹೂವನ್ನು ಸಾಲಿನುದ್ದಕ್ಕೂ ತೋರಿಸುತ್ತ ಹೋದಳು. ತೋರಿಸಿದಲ್ಲೆಲ್ಲ ತಲೆಗಳು ಬಗ್ಗಿದವು, ಉಣ್ಣುವ ಸದ್ದು ಶುರುವಾಯಿತು. ತಾಟು ಕಚ್ಚುತ್ತಿದ್ದ ಮಗು ಎರಡು ಸಲ ಹಾಕಿಸಿಕೊಂಡಿತು.

ಸಂಜೆ ಟಂಟಂ ಆಟೊ ಹತ್ತುವಾಗ ಅಕ್ಕ ಹಿಂದೆಯೇ ಬಂದಳು.

‘ಟೀಚರ, ನಾಳಿ ಯಾವುದು ಸಾಯ್ತದ, ಇವತ್ತಽ ಹೇಳಿಬಿಡ್ರಿ. ನಾ ಕಾಳು ನೆನಿ ಹಾಕಬೇಕೋ ಬ್ಯಾಡೋ?’

ನಾಳೆ ಯಾವುದೂ ಸಾಯುವುದಿಲ್ಲ ಎನ್ನಬಹುದಿತ್ತು. ಪುಸ್ತಕದಲ್ಲಿ ಮುಂದಿನ ಪುಟ ನೋಡಿಕೊಂಡಿದ್ದೆ, ಹಾಗೆ ಹೇಳುವ ಧೈರ್ಯ ಬರಲಿಲ್ಲ.

‘ಕಾಳು ಹಾಕಕ್ಕ,’ ಎಂದೆ. ‘ನಾಳಿಯಿಂದ ಕಥಿ ಊಟ ಆದಮ್ಯಾಲ.’