ಮೂರನೆಯ ಪುಟದ ಆ ಸಾಲು

ಸತ್ತವರು ಬಂದು ಮಾತಾಡಿದರು ಎಂಬ ಕಥೆಗಳನ್ನೆಲ್ಲ ನಾನು ಅಂತೆಕಂತೆ ಎಂದು ತಳ್ಳಿಹಾಕುತ್ತಿದ್ದವನು. ಮನೆಯಲ್ಲಿ ಮೇಜು ಕುರ್ಚಿ ಬಿಟ್ಟು ಕಾಫಿ ಅಂಗಡಿಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುವವರನ್ನು ಕಂಡರೂ ನಗು ಬರುತ್ತಿತ್ತು. ಬರೀ ಬಡಿವಾರ ಎನ್ನುತ್ತಿದ್ದೆ. ಈಗ ಎರಡರ ಬಗೆಗೂ ಬಾಯಿ ಮುಚ್ಚಿಕೊಂಡಿದ್ದೇನೆ. ನೀವು ನಂಬಲೇಬೇಕೆಂಬ ಒತ್ತಾಯವೇನಿಲ್ಲ.

ನನ್ನ ಮನೆ ಘಟಪ್ರಭಾದಲ್ಲಿ. ಗೋಕಾಕದ ವಕೀಲರಿಗೆ ದಾವೆಯ ಕಾಗದ ಟೈಪ್ ಮಾಡಿಕೊಡುವುದು ನನ್ನ ಕಸುಬು. ಬೆರಳು ನೋಯಲು ಶುರುವಾದ ಮೇಲೆ ಕರಡನ್ನು ಗಟ್ಟಿಯಾಗಿ ಓದುತ್ತೇನೆ, ಲ್ಯಾಪ್‌ಟಾಪ್ ಕೇಳಿ ಬರೆದುಕೊಳ್ಳುತ್ತದೆ. ಪುಸ್ತಕದ ಕನ್ನಡ ಅದಕ್ಕೆ ತಿಳಿಯುತ್ತದೆ. ನಮ್ಮ ಕಡೆಯ ಆಡುಮಾತು ಮಾತ್ರ ಒಂದು ದಿನವೂ ಸರಿಯಾಗಿ ಹತ್ತಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಕ್ಕಳಿಲ್ಲ. ಒಂದು ಮಧ್ಯಾಹ್ನ ಹೊಲದ ದಾವೆಯೊಂದನ್ನು ಓದುತ್ತ ಮೂರನೆಯ ಪುಟಕ್ಕೆ ಬಂದು, ಮುಖ ತೊಳೆಯಲು ಹಿತ್ತಲಿಗೆ ಹೋದೆ. ಮೈಕ್ ಬಂದ್ ಮಾಡಲು ಮರೆತಿದ್ದೆ. ಕರೆಂಟ್ ಹೋಗಿ ಫ್ಯಾನಿನ ಸದ್ದೂ ಇರಲಿಲ್ಲ. ಪಕ್ಕದ ಮನೆಯವರು ಮದುವೆಗೆಂದು ಹುಕ್ಕೇರಿಗೆ ಹೋಗಿದ್ದರು. ಮರಳಿ ಬಂದು ನೋಡಿದರೆ ಹೊಲದ ನಾಲ್ಕೂ ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯ ಕೆಳಗೆ ಒಂದು ಸಾಲು ಮೂಡಿತ್ತು:

"ಸಾಕ್ ಏಳ್ರಿ, ರೊಟ್ಟಿ ಆರಾಕತ್ತಾವು."

ಇಪ್ಪತ್ತಾರು ವರ್ಷ ಅವಳು ನನ್ನನ್ನು ಊಟಕ್ಕೆ ಎಬ್ಬಿಸಿದ್ದು ಇದೇ ಮಾತಿನಿಂದ. ಒಂದಕ್ಷರ ತಪ್ಪಿರಲಿಲ್ಲ. ಅಡುಗೆಮನೆಯ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಲ್ಯಾಪ್‌ಟಾಪನ್ನು ಬಗಲಲ್ಲಿ ಇರುಕಿಕೊಂಡು ಸಿಕ್ಕ ಬಸ್ಸು ಹತ್ತಿ ಗೋಕಾಕಕ್ಕೆ ಹೋದೆ. ನಾನು ನಗುತ್ತಿದ್ದ ಅದೇ ಕಾಫಿ ಅಂಗಡಿಯಲ್ಲಿ ಹೋಗಿ ಕುಳಿತೆ.

ಒಂದು ಮೇಜಿನಲ್ಲಿ ಮೂಡಲಗಿಯ ವಿಮೆ ಏಜೆಂಟರು ಗಿರಾಕಿಯೊಬ್ಬನಿಗೆ ಪರದೆ ತೋರಿಸುತ್ತಿದ್ದರು. ಅವರಿಗೆ ಅದೇ ಆಫೀಸು. ಬಾಜೂ ಮೇಜಿನಲ್ಲಿ ಅರಭಾವಿ ಕಾಲೇಜಿನ ಹುಡುಗಿಯೊಬ್ಬಳು ಏನೋ ವರದಿ ಬರೆಯುತ್ತಿದ್ದಳು. ಹಾಸ್ಟೆಲಿನಲ್ಲಿ ಗದ್ದಲವಂತೆ.

"ನಿಮ್ಮ ಮನ್ಯಾಗೂ ಗದ್ಲ ಏನ್ರಿ ಕಾಕಾ?" ಎಂದಳು.

"ಇಲ್ಲವಾ, ಗದ್ಲ ಇಲ್ಲಂತನ ಬಂದೇನಿ" ಎಂದೆ. ಅವಳು ನಕ್ಕಳು. ನನಗೆ ನಗಲಾಗಲಿಲ್ಲ.

ಅಲ್ಲೇ ಕುಳಿತು ಉಳಿದ ಪುಟಗಳನ್ನು ಮುಗಿಸಿ ವಕೀಲರಿಗೆ ಕಳಿಸಿದೆ. ಆ ಸಾಲನ್ನು ಅಳಿಸಲು ಮರೆತೆನೋ, ಮನಸ್ಸೇ ಬರಲಿಲ್ಲವೋ, ಹೇಳಲಾರೆ. ಮರುದಿನ ವಕೀಲರ ಫೋನು ಬಂತು. "ಏನ್ರಿ ಇದು, ದಾವಾದಾಗ ರೊಟ್ಟಿ ಯಾಕ ಬಂದಾವು? ತಗದು ಕಳಸ್ರಿ." ಅಂದರೆ ಅದು ನನ್ನ ಕಣ್ಣಿನ ಭ್ರಮೆಯಾಗಿರಲಿಲ್ಲ. ನನ್ನ ಕೈಯಾರೆ ಅಳಿಸಿದೆ.

ಆಮೇಲೆ ಎಷ್ಟೋ ಮಧ್ಯಾಹ್ನ ಬೇಕೆಂದೇ ಮೈಕ್ ಚಾಲೂ ಇಟ್ಟು ಹಿತ್ತಲಲ್ಲಿ ನಿಂತಿದ್ದೇನೆ. ಬಂದು ನೋಡಿದರೆ ಪುಟ ಖಾಲಿ. ಆಗ ಕಾಫಿ ಅಂಗಡಿಗೆ ಹೋಗಿ ನಾಲ್ಕು ಮಂದಿಯ ನಡುವೆ ಕೂರುತ್ತೇನೆ. ಬಲ್ಲವರು ಯಂತ್ರದ ದೋಷ ಎನ್ನುತ್ತಾರೆ. ಇರಬಹುದು, ನನಗೆ ತಿಳಿಯದು. ಆದರೆ ಆ ದಿನ ಕರೆದದ್ದು ಅವಳೇ ಆಗಿದ್ದರೆ, ಊಟಕ್ಕೆ ಕರೆದವಳಿಗೆ 'ಬಂದೆ' ಎಂಬ ಒಂದು ಮಾತನ್ನೂ ಹೇಳದೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿಬಿಟ್ಟೆನಲ್ಲ.