ಸೇತುವೆ ಹತ್ತಿದ ಕಾರುಗಳು

ನಮ್ಮ ಬಡಾವಣೆಯಲ್ಲಿ ಮಳೆಯ ಸುದ್ದಿಯನ್ನು ಯಾರೂ ಟೀವಿ ನೋಡಿ ನಂಬುವುದಿಲ್ಲ. ಮೇಲ್ಸೇತುವೆಯ ಕಡೆ ನೋಡುತ್ತಾರೆ. ಅಲ್ಲಿ ಕಾರುಗಳು ಸಾಲಾಗಿ ನಿಲ್ಲತೊಡಗಿದವೆಂದರೆ ಮುಗಿಯಿತು, ನೀರು ಬರುತ್ತದೆ. ಕೆರೆ ಮುಚ್ಚಿ ಕಟ್ಟಿದ ಮನೆಗಳು ನಮ್ಮವು. ಚೆನ್ನೈಗೆ ಮಳೆ ಹಿಡಿದರೆ ನೀರು ತನ್ನ ಹಳೆಯ ಜಾಗಕ್ಕೇ ಬಂದು ಕೂರುತ್ತದೆ. ಕಾರು ಉಳಿಸಿಕೊಳ್ಳಲು ಎತ್ತರದ ಜಾಗ ಅಂತಿರುವುದು ಆ ಮೇಲ್ಸೇತುವೆಯೊಂದೇ.

ರೈಲು ಹಳಿಯ ಮೇಲೆ ಆ ಸೇತುವೆ ಆದ ದಿನ ನಮ್ಮತ್ತೆ ತೆಂಗಿನಕಾಯಿ ಒಡೆದಿದ್ದರು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ಅಪ್ಪನ ಬೆರಳು ಹಿಡಿದು ಟ್ರಾಮ್ ಹತ್ತಿದ್ದು ಅವರಿಗೆ ಇನ್ನೂ ನೆನಪಿದೆ. ಆಮೇಲೆ ತಾಂಬರಂ ಕಡೆಯ ಎಲೆಕ್ಟ್ರಿಕ್ ರೈಲು, ಈ ಮನೆಗೆ ಬಂದ ಮೇಲೆ ಬಸ್ಸು. ಅರ್ಧ ಆಯುಷ್ಯ ರೈಲ್ವೆ ಗೇಟಿನಲ್ಲಿ ನಿಂತ ಬಸ್ಸಿನೊಳಗೇ ಕಳೆಯಿತು ಅನ್ನುತ್ತಿದ್ದರು. "ಇನ್ನು ಗೇಟ್ ತೆಗೀಲಿ ಅಂತ ಕಾಯೋ ಗೋಳಿಲ್ಲ ಕಣೇ," ಎಂದು ನನ್ನ ಕೈಗೆ ಕಾಯಿಚೂರು ಹಾಕಿದ್ದರು.

ಈಗ ಅವರಿಗೆ ಎಂಬತ್ತು ದಾಟಿದೆ, ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆ ಸೇತುವೆಯ ಆಚೆ. ಒಂದು ಸಲವೂ ತಪ್ಪಿಸಬೇಡಿ, ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ.

ಹೋದ ವರ್ಷ ಕಾರ್ತಿಕದಲ್ಲಿ ಇನ್ನೂ ಒಂದು ಹನಿ ಬೀಳುವ ಮುಂಚೆಯೇ ನಮ್ಮ ಯಜಮಾನರು ಕಾರಿನ ಕೀಲಿ ಎತ್ತಿಕೊಂಡರು.

"ನಾಳೆ ಅಮ್ಮಂಗೆ ಡಯಾಲಿಸಿಸ್ ಇದೆ ರೀ. ಕಾರು ಮನೇಲಿರಲಿ."

"ಮುಂಚೆ ಹೋದ್ರೇನೇ ಜಾಗ ಸಿಗೋದು. ಕಾರೇ ಮುಳುಗಿದ್ರೆ ಏನು, ದೋಣೀಲಿ ಕರ್ಕೊಂಡು ಹೋಗ್ತೀಯಾ?"

ಮಾತೇನೋ ಸರಿಯೇ. ನಾನೇ ಹೋಗಿ ಮನೆಯ ಗೇಟು ತೆಗೆದೆ.

ಬೆಳಗ್ಗೆ ಬೀದಿಯಲ್ಲಿ ಮೊಣಕಾಲುದ್ದ ನೀರು. ಇವರು ಪ್ಯಾಂಟು ಮಡಚಿಕೊಂಡು ಸೇತುವೆಗೆ ಹೋಗಿ ನೋಡಿದರೆ, ನಮ್ಮ ಕಾರು ಗೋಡೆಯ ಪಕ್ಕ, ಅದಕ್ಕಂಟಿಕೊಂಡು ಇನ್ನೊಂದು ಸಾಲು, ನಡುವೆ ಮತ್ತೊಂದು. ಫೋನ್ ಮಾಡಿ ಕರೆಸಿದ ಆಂಬುಲೆನ್ಸಿನವನು ಆಚೆ ತುದಿಯಲ್ಲೇ ನಿಂತು ಹಾರನ್ ಹೊಡೆಯುತ್ತಿದ್ದ. ಕಾರುಗಳ ಗಾಜಿಗೆ ಅಂಟಿಸಿದ್ದ ನಂಬರುಗಳಿಗೆಲ್ಲ ಇವರು ಫೋನ್ ಮಾಡಿದರು. "ಮಳೈ ನಿಕ್ಕಟ್ಟುಂ ಸಾರ್, ವರೇನ್." ಮಳೆ ನಿಲ್ಲಲಿ, ಬರ್ತೀನಿ ಎಂದವರೇ ಎಲ್ಲ.

ಕೊನೆಗೆ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇವರೂ ಪಕ್ಕದ ಮನೆಯವರೂ ಹೊತ್ತರು. ನಾನು ಕೊಡೆ ಹಿಡಿದೆ. ಕುರ್ಚಿ ತೂರಲು ಜಾಗವಿಲ್ಲದ ಕಡೆ ಕಾರುಗಳ ಮೇಲಿಂದ ಎತ್ತಬೇಕಾಯಿತು. ನಿಮ್ಮ ಕಾರುಗಳಿಗೆ ಸಿಡಿಲು ಬಡಿಯ ಎಂದು ದಾರಿಯುದ್ದಕ್ಕೂ ಕೂಗಿಕೊಂಡೇ ನಡೆದೆ. ಅತ್ತೆಯ ಮುಖ ಊದಿಕೊಂಡಿತ್ತು, ಉಸಿರು ಎಳೆಯುತ್ತಿತ್ತು. ನಮ್ಮ ಕಾರಿನ ಹತ್ತಿರ ಬಂದಾಗ ಮಗನಿಗೆ, "ನಿಲ್ಸೋ, ಒಂದು ಗೀರೂ ಬಿದ್ದಿಲ್ಲ ತಾನೇ, ನೋಡ್ಕೋ," ಎಂದರು. ಇವರು ತಲೆ ಎತ್ತಲಿಲ್ಲ.

ಆವತ್ತು ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ನಮ್ಮ ಕೈಲಿರಲಿಲ್ಲ ಎಂದರು ಡಾಕ್ಟರು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಹಾಗೆ, ಬೇಸಿಗೆಯಲ್ಲಿ ಬೀದಿಯವರೆಲ್ಲ ಸೇರಿ ಇನ್ನು ಮೇಲೆ ಸೇತುವೆಯ ಒಂದು ಪಕ್ಕ ಖಾಲಿ ಬಿಡೋಣ ಎಂದು ಮಾತಾಡಿಕೊಂಡರು. ಬಿಸಿಲಿನಲ್ಲಿ ಒಪ್ಪುವುದಕ್ಕೇನು ಕಷ್ಟ?

ಇವತ್ತು ಬೆಳಗಿನಿಂದ ಒಂದು ಎಲೆ ಅಲ್ಲಾಡಿಲ್ಲ. ಮೋಡ ಕೆಳಗಿಳಿದು ಕೂತಿದೆ. ತರಕಾರಿಗೆ ಹೋದಾಗ ನೋಡಿದೆ, ಸೇತುವೆಯ ಎರಡೂ ಪಕ್ಕ ತುಂಬಿ ನಡುವಿನ ಸಾಲು ಶುರುವಾಗಿತ್ತು. ಅಯ್ಯೋ ಶಿವನೇ ಎಂದು ತರಕಾರಿ ಬಿಟ್ಟು ಮನೆಗೆ ತಿರುಗಿದೆ. ಡಯಾಲಿಸಿಸ್ ನಾಳೆ. ಆಸ್ಪತ್ರೆಗೆ ಫೋನ್ ಮಾಡಿದರೆ ಇವತ್ತು ಜಾಗವಿಲ್ಲ, ನಾಳೆಯೇ ಬನ್ನಿ ಅಂದರು. ದಾರಿ ಪೂರ್ತಿ ಮುಚ್ಚುವ ಮುಂಚೆ ಸೇತುವೆ ದಾಟಿ ಪೆರಂಬೂರಿನ ನಾದಿನಿ ಮನೆಗಾದರೂ ಹೋಗಿಬಿಡೋಣ ಅಂದೆ.

"ಅವಳದು ಮೂರನೇ ಮಹಡಿ, ಲಿಫ್ಟಿಲ್ಲ. ಒಂದ್ಸಲ ಹೊತ್ತಿದ್ದೇ ಸಾಕು, ನಾ ಬರಲ್ಲ," ಎಂದು ಅತ್ತೆ ಮಂಚದಲ್ಲಿ ಗೋಡೆಯ ಕಡೆ ತಿರುಗಿದರು.

ಇವರು ಕೀಲಿಯನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟರು. "ಈ ಸಲ ನಾನು ಹತ್ಸಲ್ಲ. ಮುಳುಗಿದ್ರೆ ಮುಳುಗಲಿ."

"ನಾವೊಬ್ರು ಹತ್ಸದಿದ್ರೆ ಅಲ್ಲಿ ದಾರಿ ಆಗುತ್ತೇನ್ರೀ?"

ಹೊರಗೆ ತಗಡಿನ ಮೇಲೆ ಹನಿ ಬೀಳತೊಡಗಿತು. ಅತ್ತೆ ಈ ಕಡೆ ತಿರುಗದೆಯೇ ಹೇಳಿದರು:

"ಹೋಗೋ, ಕಾರು ಹತ್ತಿಸಿ ಬಾ. ಅದಾದ್ರೂ ಉಳೀಲಿ."

ಇವರು ನನ್ನ ಮುಖ ನೋಡಿದರು. ನಾನು ಬೇಡ ಅನ್ನಲಿಲ್ಲ.